ಅಪಘಾತದ ಗಾಯಾಳುವಿಗೆ ಸಲಾಯಿನ್ ಎಷ್ಟು, ಬಿ.ಪಿ. ಎಷ್ಟು? ಗಡಿಭಾಗದವರು ತಿಳಿದಿರಬೇಕಾದ ಸಂಗತಿಗಳು

ಸಲಗರೆ (ತಾ. ಮಿರಜ): ನಮ್ಮ ಗಡಿಭಾಗದಲ್ಲಿ ಯಾರಿಗಾದರೂ ಅಪಘಾತವಾಯಿತೆಂದರೆ ಸುತ್ತ ನೆರೆದವರ ಬಾಯಿಂದ ಮೊದಲು ಬರುವ ಮಾತು ಒಂದೇ. “ಲಗೂನ ಸಲಾಯಿನ್ ಹಚ್ಚಸ್ರಿ” ಎಂದು ಕನ್ನಡದವರು, “ಆಧೀ ಸಲಾಯಿನ್ ಲಾವಾ” ಎಂದು ಮರಾಠಿಯವರು. ಭಾಷೆ ಎರಡಾದರೂ ನಂಬಿಕೆ ಒಂದೇ. ಕೈಗೆ ಸೂಜಿ ಚುಚ್ಚಿ ಬಾಟಲಿ ತೂಗುಹಾಕಿದರೆ ಅರ್ಧ ಜೀವ ಉಳಿದಂತೆ ಎಂಬ ಭಾವನೆ.

ಈ ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ. ವಾಂತಿ-ಭೇದಿಯಿಂದ ಕಣ್ಣು ಗುಳಿಬಿದ್ದು ಮಲಗಿದವರು ಎರಡು ಬಾಟಲಿ ಏರಿಸಿದೊಡನೆ ಎದ್ದು ಕೂತದ್ದನ್ನು ನಾವೆಲ್ಲ ನೋಡಿದ್ದೇವೆ. ಅಲ್ಲಿ ದೇಹ ಕಳೆದುಕೊಂಡದ್ದು ನೀರು ಮತ್ತು ಉಪ್ಪು, ಬಾಟಲಿಯಲ್ಲಿ ಇರುವುದೂ ಅದೇ. ಆದರೆ ಅಪಘಾತದಲ್ಲಿ ದೇಹ ಕಳೆದುಕೊಳ್ಳುವುದು ರಕ್ತವನ್ನು. ರಕ್ತ ಸೋರುತ್ತಿರುವಾಗ ನೀರು ತುಂಬಿಸಿ ಬಿ.ಪಿ. ಏರಿಸುವುದು ಕೆಲವೊಮ್ಮೆ ಉಪಕಾರಕ್ಕಿಂತ ಅಪಕಾರವನ್ನೇ ಮಾಡುತ್ತದೆ ಎಂಬುದು ವೈದ್ಯಶಾಸ್ತ್ರ ಕಷ್ಟಪಟ್ಟು ಕಲಿತ ಪಾಠ.

ಈ ಪಾಠ ನನಗೂ ಕಷ್ಟದಿಂದಲೇ ಸಿಕ್ಕಿತು. ಸುಮಾರು ಇಪ್ಪತ್ತು ವರ್ಷದ ಹಿಂದಿನ ಮಾತು, ಕಬ್ಬಿನ ಹಂಗಾಮು. ರಾತ್ರಿ ದೀಪವಿಲ್ಲದೆ ನಿಂತಿದ್ದ ಟ್ರಾಲಿಗೆ ಬೈಕ್ ಗುದ್ದಿ ನಮ್ಮ ಸಂಬಂಧಿಕರ ಹುಡುಗನೊಬ್ಬನ ತೊಡೆ ಮುರಿಯಿತು. ಜೀಪಿನಲ್ಲಿ ಹಾಕಿಕೊಂಡು ಮಿರಜಕ್ಕೆ ಹೊರಟೆವು. “ಅಣ್ಣಾ, ಸೀದಾ ಮಿರಜಕ್ಕ ಹೋಗೂನು” ಎಂದು ಡ್ರೈವರ್ ಹೇಳಿದರೂ ದಾರಿಯಲ್ಲಿ ಒಂದು ಸಣ್ಣ ದವಾಖಾನೆಯ ಮುಂದೆ ಗಾಡಿ ನಿಲ್ಲಿಸಲು ಹಟ ಹಿಡಿದವನು ನಾನೇ. ಎರಡು ಬಾಟಲಿ ಮುಗಿಯುವವರೆಗೆ ಅಲ್ಲಿ ಕೂತೆವು. ಬಿ.ಪಿ. ಸ್ವಲ್ಪ ಏರಿತೆಂದಾಗ ಎಲ್ಲರಿಗೂ ಸಮಾಧಾನ. ಮತ್ತೆ ಹೊರಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ಹುಡುಗ ತೊದಲತೊಡಗಿದ. ಮಿರಜ ಮುಟ್ಟಿದಾಗ ಮೈ ತಣ್ಣಗಾಗಿತ್ತು. ಹುಡುಗ ಉಳಿದ, ಅದು ದೈವ. ಆದರೆ ಅಲ್ಲಿನ ವೈದ್ಯರು ನನ್ನ ಕಡೆ ನೋಡಿ “ಇಷ್ಟು ಹೊತ್ತು ಎಲ್ಲಿದ್ದಿರಿ?” ಎಂದು ಕೇಳಿದ ಪ್ರಶ್ನೆ ಇನ್ನೂ ಕಿವಿಯಲ್ಲಿದೆ.

ಆ ಪ್ರಶ್ನೆಯ ಬೆನ್ನುಹತ್ತಿ ಓದಿ, ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಕೊಟ್ಟಿದ್ದೇನೆ. ನಾನು ಕಲಾ ಪದವೀಧರ, ವೈದ್ಯನಲ್ಲ. ಯಾವ ದ್ರವ ಎಷ್ಟು ಕೊಡಬೇಕೆಂಬುದು ವೈದ್ಯರ ತೀರ್ಮಾನ. ಅವರು ಏನು ಮಾಡುತ್ತಿದ್ದಾರೆ, ಯಾಕೆ ಮಾಡುತ್ತಿದ್ದಾರೆ ಎಂದು ಗಾಯಾಳುವಿನ ಜೊತೆಗಿರುವವರಿಗೆ ತಿಳಿಯಲಿ ಎಂಬುದೇ ಈ ಬರಹದ ಉದ್ದೇಶ.

ಬಿ.ಪಿ. ಮತ್ತು ಶಾಕ್

ಹೃದಯ ಒಂದು ಪಂಪ್, ರಕ್ತನಾಳಗಳು ಪೈಪ್‌ಲೈನ್, ಒಳಗೆ ಹರಿಯುವ ರಕ್ತ ಪೈಪಿನ ಗೋಡೆಗೆ ಕೊಡುವ ಒತ್ತಡವೇ ಬಿ.ಪಿ. ಆರೋಗ್ಯವಂತ ವಯಸ್ಕರಲ್ಲಿ ಮೇಲಿನ ಅಂಕಿ 120ರ ಆಸುಪಾಸು, ಕೆಳಗಿನ ಅಂಕಿ 80ರ ಆಸುಪಾಸು ಇರುತ್ತದೆ. ಗಾಯಾಳುಗಳ ವಿಷಯದಲ್ಲಿ ವೈದ್ಯರು ಹೆಚ್ಚಾಗಿ ನೋಡುವುದು ಮೇಲಿನ ಅಂಕಿಯನ್ನು. ಈ ಲೇಖನದಲ್ಲಿ ಮುಂದೆ ಬಿ.ಪಿ. ಎಂದಲ್ಲೆಲ್ಲ ಆ ಮೇಲಿನ ಅಂಕಿ ಎಂದೇ ತಿಳಿಯಬೇಕು.

ದ್ರಾಕ್ಷಿ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಡ್ರಿಪ್ ಲೈನ್ ಎಲ್ಲೋ ಒಡೆದರೆ ತುದಿಯ ಬಳ್ಳಿಗೆ ನೀರು ಮುಟ್ಟುವುದಿಲ್ಲ. ಹಾಗೆಯೇ ರಕ್ತ ಸೋರಿ ಮಿದುಳು, ಮೂತ್ರಪಿಂಡ, ಹೃದಯಗಳಿಗೆ ಬೇಕಾದಷ್ಟು ರಕ್ತ ಮುಟ್ಟದ ಸ್ಥಿತಿಗೆ ವೈದ್ಯರು ‘ಶಾಕ್’ ಎನ್ನುತ್ತಾರೆ. ಕರೆಂಟಿನ ಶಾಕ್‌ಗೂ ಮನಸ್ಸಿಗೆ ಆಗುವ ಆಘಾತಕ್ಕೂ ಇದಕ್ಕೂ ಸಂಬಂಧವಿಲ್ಲ.

ರಕ್ತ ಎಷ್ಟು ಹೋದರೆ ಏನಾಗುತ್ತದೆ?

70 ಕಿಲೋ ತೂಕದ ವ್ಯಕ್ತಿಯ ಮೈಯಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ವೈದ್ಯರು ರಕ್ತನಷ್ಟವನ್ನು ಸ್ಥೂಲವಾಗಿ ನಾಲ್ಕು ಹಂತ ಮಾಡುತ್ತಾರೆ.

• 1ನೇ ಹಂತ: 750 ಮಿ.ಲೀ.ವರೆಗೆ (ಶೇ. 15). ನಾಡಿ, ಬಿ.ಪಿ. ಹೆಚ್ಚುಕಡಿಮೆ ಮೊದಲಿನಂತೆಯೇ.

• 2ನೇ ಹಂತ: 750ರಿಂದ 1500 ಮಿ.ಲೀ. (ಶೇ. 15-30). ನಾಡಿ ನಿಮಿಷಕ್ಕೆ 100 ದಾಟುತ್ತದೆ, ಚಡಪಡಿಕೆ, ಕೈಕಾಲು ತಣ್ಣಗೆ. ಬಿ.ಪಿ. ಮಾತ್ರ ಇನ್ನೂ ಸರಿಯಾಗಿಯೇ ಕಾಣುತ್ತದೆ.

• 3ನೇ ಹಂತ: 1500ರಿಂದ 2000 ಮಿ.ಲೀ. (ಶೇ. 30-40). ನಾಡಿ 120ರ ಮೇಲೆ, ಬಿ.ಪಿ. ಇಳಿಯುತ್ತದೆ, ಮಾತು ಗೊಂದಲ.

• 4ನೇ ಹಂತ: 2000 ಮಿ.ಲೀ.ಗಿಂತ ಹೆಚ್ಚು. ನಾಡಿ 140ರ ಮೇಲೆ, ಎಚ್ಚರ ತಪ್ಪುತ್ತದೆ, ಪ್ರಾಣ ಹೋಗುವ ಹಂತ.

ಎಲ್ಲರ ಮೈಯೂ ಈ ಪಟ್ಟಿಯಂತೆ ನಡೆಯುವುದಿಲ್ಲ. ಆದರೆ ಇದರಲ್ಲಿ ಗಮನಿಸಬೇಕಾದ ಒಂದು ಮಾತಿದೆ. ಒಂದು ಲೀಟರಿಗೂ ಹೆಚ್ಚು ರಕ್ತ ಹೋಗಿದ್ದರೂ ಬಿ.ಪಿ. ಸರಿಯಾಗಿಯೇ ತೋರಬಹುದು. ದೇಹ ರಕ್ತನಾಳಗಳನ್ನು ಬಿಗಿ ಹಿಡಿದು, ಹೃದಯವನ್ನು ಜೋರಾಗಿ ಓಡಿಸಿ ಸಂಭಾಳಿಸುತ್ತದೆ. ಆದ್ದರಿಂದ “ಬಿ.ಪಿ. ನಾರ್ಮಲ್ ಐತಿ, ಏನ ಆಗೂದಿಲ್ಲ” ಎಂದು ಮನೆಗೆ ಕರೆದುಕೊಂಡು ಹೋಗುವುದು ಅಪಾಯ. ಬಿ.ಪಿ.ಗಿಂತ ಮೊದಲು ಸುಳಿವು ಕೊಡುವುದು ನಾಡಿಯ ಓಟ, ತಣ್ಣನೆಯ ಬೆವರು, ಬಿಳಿಚಿದ ತುಟಿ ಮತ್ತು ಚಡಪಡಿಕೆ.

ಕಣ್ಣಿಗೆ ಕಾಣದ ರಕ್ತಸ್ರಾವ

ನೆಲದ ಮೇಲೆ ರಕ್ತ ಕಾಣದಿದ್ದರೆ ರಕ್ತ ಹೋಗಿಲ್ಲ ಎಂದು ತಿಳಿಯಬಾರದು. ತೊಡೆಯ ಮೂಳೆ ಮುರಿದರೆ ಚರ್ಮ ಹರಿಯದೆಯೂ ಒಂದರಿಂದ ಒಂದೂವರೆ ಲೀಟರ್ ರಕ್ತ ತೊಡೆಯ ಒಳಗೇ ಸೇರಬಹುದು. ಸೊಂಟದ ಎಲುಬು ಒಡೆದರೆ ಇನ್ನೂ ಹೆಚ್ಚು. ಬೈಕಿನ ಹ್ಯಾಂಡಲ್ ಹೊಟ್ಟೆಗೆ ಬಡಿದು ಗುಲ್ಮವೋ ಯಕೃತ್ತೋ ಸೀಳಿದ್ದರೆ ಮೇಲೆ ಒಂದು ಸಣ್ಣ ಕಂದು ಗುರುತು ಮಾತ್ರ ಇರುತ್ತದೆ. ಎದೆಯ ಗೂಡಿನಲ್ಲೂ ಲೀಟರ್‌ಗಟ್ಟಲೆ ರಕ್ತ ತುಂಬಿಕೊಳ್ಳಬಹುದು. ಆದ್ದರಿಂದಲೇ ದೊಡ್ಡ ಆಸ್ಪತ್ರೆಯಲ್ಲಿ ಗಾಯಾಳು ಬಂದೊಡನೆ ಹೊಟ್ಟೆ ಮತ್ತು ಎದೆಯ ಸೋನೋಗ್ರಫಿ, ಎಕ್ಸ್-ರೇ ಮಾಡಿ ಸೋರಿಕೆ ಎಲ್ಲಿದೆ ಎಂದು ಹುಡುಕುತ್ತಾರೆ. ಮಾತಾಡುತ್ತಿರುವ ಮನುಷ್ಯನಿಗೆ ಇಷ್ಟೆಲ್ಲ ತಪಾಸಣೆ ಯಾಕೆ ಎಂದು ಸಿಡಿಮಿಡಿಗೊಳ್ಳಬಾರದು.

ಬಾಟಲಿಯಲ್ಲಿ ಏನಿರುತ್ತದೆ?

ನಾವು ಎಲ್ಲವನ್ನೂ ‘ಸಲಾಯಿನ್’ ಎಂದೇ ಕರೆಯುತ್ತೇವೆ. ವಾಸ್ತವದಲ್ಲಿ ಬಾಟಲಿಗಳು ಬೇರೆ ಬೇರೆ.

ನಾರ್ಮಲ್ ಸಲೈನ್: ಒಂದು ಲೀಟರ್ ನೀರಿನಲ್ಲಿ 9 ಗ್ರಾಂ ಉಪ್ಪು. ಅಗತ್ಯದ ವಸ್ತುವೇ ಸರಿ, ಆದರೆ ಇದರಲ್ಲಿ ಕ್ಲೋರೈಡ್ ಅಂಶ ರಕ್ತದಲ್ಲಿರುವುದಕ್ಕಿಂತ ಹೆಚ್ಚು. ಲೀಟರ್‌ಗಟ್ಟಲೆ ಏರಿಸಿದರೆ ರಕ್ತದ ಆಮ್ಲತೆ ಹೆಚ್ಚುತ್ತದೆ.

ರಿಂಗರ್ ಲ್ಯಾಕ್ಟೇಟ್ (ಆರ್.ಎಲ್.): ಸೋಡಿಯಂ ಜೊತೆ ಪೊಟ್ಯಾಶಿಯಂ, ಕ್ಯಾಲ್ಸಿಯಂ, ಲ್ಯಾಕ್ಟೇಟ್ ಸೇರಿಸಿದ್ದು, ರಕ್ತದ ಲವಣಗಳಿಗೆ ಹತ್ತಿರ. ಗಾಯಾಳುಗಳಿಗೆ ಹೆಚ್ಚು ಬಳಕೆಯಲ್ಲಿದೆ. ತಲೆಗೆ ಪೆಟ್ಟಾಗಿದ್ದರೆ ಸಾಮಾನ್ಯವಾಗಿ ನಾರ್ಮಲ್ ಸಲೈನ್ ಆರಿಸುತ್ತಾರೆ.

ಗ್ಲೂಕೋಸ್ ಬಾಟಲಿ (5 ಶೇ. ಡೆಕ್ಸ್‌ಟ್ರೋಸ್): ‘ಶಕ್ತಿ ಬರ್ತದ’ ಎಂದು ಜನ ಕೇಳಿ ಹಾಕಿಸಿಕೊಳ್ಳುವುದು ಇದನ್ನೇ. ರಕ್ತ ಸೋರುತ್ತಿರುವವನಿಗೆ ಇದರಿಂದ ಪ್ರಯೋಜನವಿಲ್ಲ. ಸಕ್ಕರೆ ಕರಗಿದ ಮೇಲೆ ಉಳಿಯುವುದು ಬರಿ ನೀರು, ಅದು ರಕ್ತನಾಳದಲ್ಲಿ ನಿಲ್ಲದೆ ಮೈಯೆಲ್ಲ ಹರಡಿಕೊಳ್ಳುತ್ತದೆ. ತಲೆಗೆ ಪೆಟ್ಟಾದವರಲ್ಲಿ ಮಿದುಳಿನ ಬಾವು ಹೆಚ್ಚಿಸುತ್ತದೆ.

ಸಲೈನ್ ಮತ್ತು ಆರ್.ಎಲ್. ಕೂಡ ರಕ್ತನಾಳದಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. ಒಂದು ಲೀಟರ್ ಏರಿಸಿದರೆ ಸುಮಾರು ಒಂದು ತಾಸಿನ ನಂತರ ನಾಳದೊಳಗೆ ಉಳಿಯುವುದು ಕಾಲು ಭಾಗದಷ್ಟು, ಉಳಿದದ್ದು ಅಂಗಾಂಶಗಳಿಗೆ ಇಳಿದು ಬಾವಾಗುತ್ತದೆ. ನಮ್ಮ ಹುಡುಗನ ಬಿ.ಪಿ. ಏರಿ ಮತ್ತೆ ಇಳಿದ ಗುಟ್ಟು ಇದೇ. ಸೋರಿಕೆ ನಿಂತಿರಲಿಲ್ಲ, ಹಾಕಿದ ನೀರೂ ನಿಂತಿರಲಿಲ್ಲ.

ಬಾಟಲಿಯ ನೀರಿನಲ್ಲಿ ಆಮ್ಲಜನಕ ಹೊರುವ ಕೆಂಪು ಕಣಗಳಿಲ್ಲ, ಹೆಪ್ಪುಗಟ್ಟಿಸುವ ಅಂಶಗಳೂ ಇಲ್ಲ. ಹೆಚ್ಚು ಹಾಕಿದಷ್ಟೂ ಇರುವ ರಕ್ತ ತೆಳುವಾಗುತ್ತದೆ. ತಣ್ಣನೆಯ ಬಾಟಲಿ ಮೈಯ ಶಾಖವನ್ನೂ ಇಳಿಸುತ್ತದೆ. ಮೈ ತಣ್ಣಗಾಗುವುದು, ರಕ್ತದ ಆಮ್ಲತೆ ಏರುವುದು, ಹೆಪ್ಪುಗಟ್ಟುವ ಶಕ್ತಿ ಕುಂದುವುದು, ಈ ಮೂರೂ ಒಂದನ್ನೊಂದು ಹೆಚ್ಚಿಸುತ್ತ ಹೋಗುತ್ತವೆ. ವೈದ್ಯರು ಇವನ್ನು ‘ಮಾರಕ ತ್ರಿಕೋನ’ ಎಂದು ಕರೆಯುತ್ತಾರೆ.

ವೈದ್ಯಶಾಸ್ತ್ರ ಕಲಿತ ಪಾಠ

ಗಾಯವಾದಾಗ ದೇಹ ತಾನೇ ಒಂದು ಹೆಪ್ಪು ಕಟ್ಟಿ ಸೋರಿಕೆ ತಡೆಯಲು ನೋಡುತ್ತದೆ. ಬಿ.ಪಿ. ಇಳಿದಿರುವುದೂ ಆ ಕೆಲಸಕ್ಕೆ ಅನುಕೂಲ. ಆಗ ನಾವು ಬಾಟಲಿ ಮೇಲೆ ಬಾಟಲಿ ಒತ್ತಿ ಒತ್ತಡ ಏರಿಸಿದರೆ ಹಸಿ ಹೆಪ್ಪು ಕಿತ್ತು ಬರುತ್ತದೆ. ಒಡೆದ ಪೈಪಿಗೆ ಚಿಂದಿ ಸುತ್ತಿ, ಅದು ಬಿಗಿಯುವ ಮೊದಲೇ ಮೋಟರ್ ಪೂರ್ತಿ ಬಿಟ್ಟಂತೆ.

ಇದನ್ನು ಮೊದಲನೇ ಮಹಾಯುದ್ಧದ ಕಾಲದಲ್ಲೇ ಕೆಲವರು ಗುರುತಿಸಿದ್ದರು. ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1918ರಲ್ಲಿ, ಶಸ್ತ್ರವೈದ್ಯ ರಕ್ತ ನಿಲ್ಲಿಸಲು ಸಿದ್ಧನಾಗುವ ಮೊದಲೇ ಒತ್ತಡ ಏರಿಸಿದರೆ ಉಳಿಯಬೇಕಾದ ರಕ್ತವೂ ಹೋಗಬಹುದು ಎಂದು ಎಚ್ಚರಿಸಿದ್ದರು. ಆ ಮಾತು ಮರೆತುಹೋಯಿತು. ವಿಯೆಟ್ನಾಂ ಯುದ್ಧದಲ್ಲಿ ಗಾಯಾಳುಗಳಿಗೆ ಧಾರಾಳವಾಗಿ ದ್ರವ ಕೊಟ್ಟರು. ಎಷ್ಟೋ ಮಂದಿ ಆರಂಭದಲ್ಲಿ ಉಳಿದರು, ಆದರೆ ಕೆಲವರ ಶ್ವಾಸಕೋಶ ನೀರು ತುಂಬಿ ಉಸಿರಾಟ ಕೆಟ್ಟಿತು. ಅಲ್ಲಿನ ಊರಿನ ಹೆಸರಿನಿಂದ ಆ ಕಾಯಿಲೆಗೆ ‘ಡಾ ನಾಂಗ್ ಲಂಗ್’ ಎಂದೇ ಹೆಸರು ಬಿತ್ತು.

1994ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದ ಒಂದು ಅಧ್ಯಯನ ಪ್ರಕಟವಾಯಿತು. ಎದೆ, ಹೊಟ್ಟೆಗೆ ಗುಂಡು ಅಥವಾ ಚಾಕು ತಗುಲಿ ಬಿ.ಪಿ. 90ಕ್ಕೆ ಇಳಿದಿದ್ದ 598 ಜನರನ್ನು ಎರಡು ಗುಂಪು ಮಾಡಲಾಗಿತ್ತು. ಒಂದು ಗುಂಪಿಗೆ ದಾರಿಯಲ್ಲೇ ದ್ರವ ಆರಂಭಿಸಿದರು, ಇನ್ನೊಂದಕ್ಕೆ ಆಪರೇಷನ್ ಕೋಣೆ ತಲುಪುವವರೆಗೆ ತಡೆದರು. ಮೊದಲ ಗುಂಪಿನಲ್ಲಿ ಶೇ. 62 ಮಂದಿ ಉಳಿದರೆ, ತಡೆದು ಕೊಟ್ಟ ಗುಂಪಿನಲ್ಲಿ ಶೇ. 70 ಮಂದಿ ಉಳಿದರು. ಅಲ್ಲಿ ಆಂಬುಲೆನ್ಸ್ ಬೇಗ ಬರುತ್ತಿತ್ತು, ಗಾಯಗಳೂ ಇರಿತದವು. ನಮ್ಮ ರಸ್ತೆ ಅಪಘಾತಗಳಿಗೆ ಅದನ್ನು ಹಾಗೆಯೇ ಅನ್ವಯಿಸಲಾಗದು. ಆದರೂ ಅದು ಜಗತ್ತಿನ ವೈದ್ಯರನ್ನು ಮತ್ತೆ ಯೋಚಿಸಲು ಹಚ್ಚಿತು. ಗಾಯಾಳು ಬಂದೊಡನೆ 2 ಲೀಟರ್ ದ್ರವ ಎಂಬ ಹಳೆಯ ಪಾಠ ಬದಲಾಗಿ, ತುರ್ತು ಶಸ್ತ್ರವೈದ್ಯರ ಅಂತರರಾಷ್ಟ್ರೀಯ ತರಬೇತಿಯಲ್ಲಿ 2018ರಲ್ಲಿ ಅದನ್ನು 1 ಲೀಟರಿಗೆ ಇಳಿಸಲಾಯಿತು. ಅದಕ್ಕೂ ಸ್ಪಂದನೆ ಸಿಗದಿದ್ದರೆ ಮುಂದಿನ ಹೆಜ್ಜೆ ರಕ್ತ, ಇನ್ನೊಂದು ಬಾಟಲಿ ಅಲ್ಲ.

ಈಗಿನ ಪದ್ಧತಿ ಏನು?

ತಲೆಗೆ ಪೆಟ್ಟಿಲ್ಲದ, ರಕ್ತ ಇನ್ನೂ ಸೋರುತ್ತಿರುವ ಗಾಯಾಳುವಿನ ಬಿ.ಪಿ.ಯನ್ನು 120ಕ್ಕೆ ತರುವ ಹಟ ಈಗ ಇಲ್ಲ. ಸೋರಿಕೆ ನಿಲ್ಲುವವರೆಗೆ 80-90ರಲ್ಲಿ ಇರಗೊಡುತ್ತಾರೆ. ಗಾಯಾಳು ಕೇಳಿದ್ದಕ್ಕೆ ಉತ್ತರಿಸುತ್ತಿದ್ದಾನೆಯೇ, ಮಣಿಕಟ್ಟಿನ ನಾಡಿ ಸಿಗುತ್ತಿದೆಯೇ ಎಂದು ನೋಡುತ್ತಾರೆ. ಇಲ್ಲವಾದರೆ 250 ಮಿ.ಲೀ.ನಷ್ಟು ದ್ರವ ಕೊಟ್ಟು ಮತ್ತೆ ನೋಡುತ್ತಾರೆ. ಇದಕ್ಕೆ ‘ಪರ್ಮಿಸಿವ್ ಹೈಪೊಟೆನ್ಶನ್’ ಎನ್ನುತ್ತಾರೆ, ಅಂದರೆ ಬಿ.ಪಿ. ಸ್ವಲ್ಪ ಕೆಳಗಿರುವುದನ್ನು ತಿಳಿದೇ ಸಹಿಸಿಕೊಳ್ಳುವುದು. ಇದು ತಾತ್ಕಾಲಿಕ ಉಪಾಯ. ಹೆಚ್ಚು ಹೊತ್ತು ಹೀಗೆ ಬಿಟ್ಟರೆ ಮೂತ್ರಪಿಂಡ ಮೊದಲಾದ ಅಂಗಗಳು ಕೆಡುತ್ತವೆ. ಆದ್ದರಿಂದಲೇ ಗಾಯಾಳುವನ್ನು ಬೇಗ ಆಪರೇಷನ್ ಕೋಣೆಗೆ ಒಯ್ಯುವ ಅವಸರ.

ಜೊತೆಗೆ ನಡೆಯುವ ಕೆಲಸಗಳು ಇವು:

• ಸೋರಿಕೆ ನಿಲ್ಲಿಸುವುದು. ಒತ್ತಿ ಹಿಡಿಯುವುದು, ಸೊಂಟಕ್ಕೆ ಬಿಗಿಪಟ್ಟಿ, ಆಪರೇಷನ್. ಬಹಳ ಸೋತ ಗಾಯಾಳುವಿಗೆ ಮೊದಲ ಆಪರೇಷನ್‌ನಲ್ಲಿ ರಕ್ತ ನಿಲ್ಲಿಸುವಷ್ಟೇ ಮಾಡಿ, ಐ.ಸಿ.ಯು.ನಲ್ಲಿ ಚೇತರಿಸಿಕೊಂಡ ಮೇಲೆ ಉಳಿದ ರಿಪೇರಿ ಮಾಡುವುದುಂಟು. “ಅರ್ಧಕ್ಕೇ ಬಿಟ್ಟರು” ಎಂದು ಗಾಬರಿಯಾಗಬಾರದು.

• ರಕ್ತ ಕೊಡುವುದು. ಬರಿ ಕೆಂಪು ಕಣಗಳಲ್ಲ, ಪ್ಲಾಸ್ಮಾ ಮತ್ತು ಪ್ಲೇಟ್‌ಲೆಟ್ ಕೂಡ. ಮೂರನ್ನೂ ಸಮಪ್ರಮಾಣದಲ್ಲಿ ಕೊಟ್ಟರೆ ಮೊದಲ 24 ತಾಸಿನಲ್ಲಿ ರಕ್ತ ಸೋರಿ ಸಾಯುವವರ ಸಂಖ್ಯೆ ಕಡಿಮೆಯಾಗುತ್ತದೆ ಎಂದು 2015ರ ಒಂದು ದೊಡ್ಡ ಅಧ್ಯಯನ ತೋರಿಸಿತು.

• ಕ್ಯಾಲ್ಸಿಯಂ ಕೊಡುವುದು. ಶೇಖರಿಸಿದ ರಕ್ತದಲ್ಲಿ ಹೆಪ್ಪುಗಟ್ಟದಂತೆ ಹಾಕಿದ ಸಿಟ್ರೇಟ್ ಮೈಯ ಕ್ಯಾಲ್ಸಿಯಂ ಹಿಡಿದಿಡುತ್ತದೆ, ಅದನ್ನು ತುಂಬಿಕೊಡಬೇಕು.

• ಬೆಚ್ಚಗಿಡುವುದು. ದ್ರವ ಮತ್ತು ರಕ್ತವನ್ನು ಬೆಚ್ಚಗೆ ಮಾಡಿ ಕೊಡುವುದು.

• ಮೂತ್ರ ಅಳೆಯುವುದು. ವಯಸ್ಕರಲ್ಲಿ ಕಿಲೋ ತೂಕಕ್ಕೆ ತಾಸಿಗೆ ಅರ್ಧ ಮಿ.ಲೀ. ಬಂದರೆ ಮೂತ್ರಪಿಂಡಕ್ಕೆ ರಕ್ತ ಮುಟ್ಟುತ್ತಿದೆ ಎಂದರ್ಥ. ಮೂತ್ರದ ನಳಿಗೆ ಹಾಕುವುದು ಇದಕ್ಕಾಗಿ.

ಇನ್ನೊಂದು ಔಷಧಿ ಹೇಳಲೇಬೇಕು: ಟ್ರಾನೆಕ್ಸಾಮಿಕ್ ಆಸಿಡ್. 1960ರ ದಶಕದ ಆರಂಭದಲ್ಲಿ ಜಪಾನಿನ ಉಟಾಕೊ ಒಕಾಮೊಟೊ ಮತ್ತು ಅವರ ಪತಿ ಕಂಡುಹಿಡಿದದ್ದು. ಮುಟ್ಟಿನ ಅತಿಸ್ರಾವಕ್ಕೆ ಇದರ ಗುಳಿಗೆ ತೆಗೆದುಕೊಂಡ ಹೆಣ್ಣುಮಕ್ಕಳು ನಮ್ಮಲ್ಲಿ ಬಹಳ. ಕಟ್ಟಿದ ಹೆಪ್ಪು ಕರಗದಂತೆ ಇದು ಕಾಯುತ್ತದೆ. ಭಾರತವೂ ಸೇರಿ 40 ದೇಶಗಳ 20 ಸಾವಿರಕ್ಕೂ ಹೆಚ್ಚು ಗಾಯಾಳುಗಳ ಮೇಲೆ ನಡೆದ ಅಧ್ಯಯನ 2010ರಲ್ಲಿ ಪ್ರಕಟವಾಗಿ, ಇಂಜೆಕ್ಷನ್ ಕೊಟ್ಟವರಲ್ಲಿ ಸಾವು ಕಡಿಮೆ ಎಂದು ತೋರಿತು. ಷರತ್ತು ಒಂದೇ. ಗಾಯವಾದ 3 ತಾಸಿನೊಳಗೆ ಕೊಡಬೇಕು, ಬೇಗ ಕೊಟ್ಟಷ್ಟು ಒಳ್ಳೆಯದು. 3 ತಾಸು ದಾಟಿದ ಮೇಲೆ ಕೊಟ್ಟರೆ ಹಾನಿಯಾಗಬಹುದು. ಹೀಗಾಗಿ ಅಪಘಾತ ಎಷ್ಟು ಗಂಟೆಗೆ ಆಯಿತು ಎಂದು ವೈದ್ಯರು ಕೇಳಿದರೆ “ಆವಾಗನ ಆಗ್ಯಾದ್ರಿ” ಎನ್ನದೆ ಸರಿಯಾದ ಸಮಯ ಹೇಳಬೇಕು.

ತಲೆಗೆ ಪೆಟ್ಟಾದರೆ ಲೆಕ್ಕ ಬೇರೆ

ಮೇಲೆ ಹೇಳಿದ 80-90ರ ಮಾತು ತಲೆಗೆ ಪೆಟ್ಟಾದವರಿಗೆ ಸಲ್ಲದು. ಪೆಟ್ಟು ಬಿದ್ದ ಮಿದುಳು ಬಾತಿರುತ್ತದೆ, ಗಟ್ಟಿ ತಲೆಬುರುಡೆಯೊಳಗೆ ಒತ್ತಡ ಏರಿರುತ್ತದೆ. ಅದನ್ನು ಮೀರಿ ರಕ್ತ ಒಳಹೋಗಬೇಕಾದರೆ ಬಿ.ಪಿ. ಸಾಕಷ್ಟು ಇರಲೇಬೇಕು. ತಲೆಗೆ ಗಂಭೀರ ಪೆಟ್ಟಾದವರಲ್ಲಿ ಬಿ.ಪಿ. ಒಂದು ಸಲ 90ಕ್ಕಿಂತ ಕೆಳಗಿಳಿದರೂ ಸಾವಿನ ಸಂಭವ ಸುಮಾರು ಇಮ್ಮಡಿಯಾಗುತ್ತದೆ ಎಂದು 1993ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತ್ತು. 2016ರ ಮಾರ್ಗಸೂಚಿಯಂತೆ 50ರಿಂದ 69 ವಯಸ್ಸಿನವರಲ್ಲಿ ಬಿ.ಪಿ. ಕನಿಷ್ಠ 100, 15ರಿಂದ 49 ವಯಸ್ಸಿನವರಲ್ಲಿ ಮತ್ತು 70 ದಾಟಿದವರಲ್ಲಿ ಕನಿಷ್ಠ 110 ಇರಬೇಕು.

ಹೆಲ್ಮೆಟ್ ಇಲ್ಲದೆ ಬಿದ್ದವರಲ್ಲಿ ತಲೆಯ ಪೆಟ್ಟು, ಹೊಟ್ಟೆಯ ಸೋರಿಕೆ ಎರಡೂ ಒಟ್ಟಿಗೆ ಇರುವುದುಂಟು. ಒಂದಕ್ಕೆ ಬಿ.ಪಿ. ಕಡಿಮೆ ಇದ್ದರೆ ಒಳಿತು, ಇನ್ನೊಂದಕ್ಕೆ ಹೆಚ್ಚಿರಬೇಕು. ವೈದ್ಯರ ಕೈಕಟ್ಟುವ ಪ್ರಸಂಗ ಇದು. ಇಲ್ಲಿ ಮಿದುಳಿನ ಅಗತ್ಯಕ್ಕೇ ಮೊದಲ ಮಣೆ, ಜೊತೆಗೆ ಸೋರಿಕೆ ನಿಲ್ಲಿಸಲು ಇನ್ನಷ್ಟು ಆತುರ. ಹೆಲ್ಮೆಟ್ ಹಾಕಿದ್ದರೆ ಈ ಇಕ್ಕಟ್ಟು ಎಷ್ಟೋ ಸಲ ಬರುವುದೇ ಇಲ್ಲ.

ಇವರ ವಿಷಯದಲ್ಲಿ ಹೆಚ್ಚಿನ ಎಚ್ಚರ

ವಯಸ್ಸಾದವರು: ಮೊದಲಿನಿಂದ 160 ಇದ್ದ ಅಜ್ಜನಿಗೆ 110 ಎಂದರೆ ಇಳಿದ ಬಿ.ಪಿ.ಯೇ. ಬಿ.ಪಿ.ಗೆಂದು ತೆಗೆದುಕೊಳ್ಳುವ ಕೆಲವು ಗುಳಿಗೆಗಳು ನಾಡಿ ಓಡದಂತೆ ತಡೆಯುವುದರಿಂದ ಅಪಾಯ ಮರೆಯಾಗಿ ಉಳಿಯುತ್ತದೆ. ರಕ್ತ ತೆಳುಮಾಡುವ ಗುಳಿಗೆ ಇದ್ದರಂತೂ ಹೇಳಲೇಬೇಕು. ಗುಳಿಗೆಯ ಚೀಟಿಯನ್ನು ಜೊತೆಗೆ ಒಯ್ಯಿರಿ.

ಗರ್ಭಿಣಿಯರು: ಗರ್ಭದಲ್ಲಿ ರಕ್ತದ ಪ್ರಮಾಣ ಹೆಚ್ಚಿರುವುದರಿಂದ ಬಹಳ ರಕ್ತ ಹೋಗುವವರೆಗೂ ತಾಯಿ ಚೆನ್ನಾಗಿಯೇ ಕಾಣಬಹುದು, ಅಷ್ಟರಲ್ಲಿ ಮಗುವಿಗೆ ಕಷ್ಟವಾಗಿರುತ್ತದೆ. ಐದು ತಿಂಗಳು ದಾಟಿದ್ದರೆ ಅಂಗಾತ ಮಲಗಿಸದೆ, ಬೆನ್ನು-ಕುತ್ತಿಗೆ ತಿರುಚದಂತೆ ಇಡೀ ಮೈಯನ್ನು ಎಡಕ್ಕೆ ಸ್ವಲ್ಪ ವಾಲಿಸಿ ಒಯ್ಯಬೇಕು.

ಮಕ್ಕಳು: ಮಕ್ಕಳ ಬಿ.ಪಿ. ಕೊನೆಯವರೆಗೂ ನಿಂತು ಒಮ್ಮೆಲೇ ಕುಸಿಯುತ್ತದೆ. ಅಳುತ್ತಿದ್ದ ಮಗು ಸುಮ್ಮನಾದರೆ ನೋವು ಕಡಿಮೆಯಾಯಿತೆಂದು ತಿಳಿಯಬೇಡಿ.

ಟ್ರ್ಯಾಕ್ಟರ್ ಅಡಿ ಸಿಕ್ಕವರು: ತೊಡೆ, ಕಾಲು ತಾಸುಗಟ್ಟಲೆ ಭಾರದಡಿ ನಜ್ಜುಗುಜ್ಜಾಗಿದ್ದರೆ, ಭಾರ ಎತ್ತಿದೊಡನೆ ಸ್ನಾಯುವಿನ ಪೊಟ್ಯಾಶಿಯಂ ಮತ್ತು ವಿಷಾಂಶ ರಕ್ತಕ್ಕೆ ನುಗ್ಗಿ ಹೃದಯ, ಮೂತ್ರಪಿಂಡ ಕೆಡುತ್ತವೆ. ಇಲ್ಲಿ ಮಾತ್ರ ಬಿಡಿಸುವ ಮೊದಲೇ ಸಲೈನ್ ಆರಂಭಿಸುವುದು ಒಳ್ಳೆಯದು. ಸುಟ್ಟ ಗಾಯಕ್ಕೂ ಹೆಚ್ಚು ದ್ರವ ಬೇಕಾಗುತ್ತದೆ. ಸಲಾಯಿನ್ ಕೆಟ್ಟದ್ದೆಂದು ಈ ಲೇಖನದ ಅರ್ಥವಲ್ಲ, ಯಾರಿಗೆ, ಯಾವಾಗ, ಎಷ್ಟು ಎಂಬುದೇ ಪ್ರಶ್ನೆ.

ಸ್ಥಳದಲ್ಲಿ ನಾವು ಮಾಡಬೇಕಾದದ್ದು

1. 108ಕ್ಕೆ ಕರೆ ಮಾಡಿ. ಒಬ್ಬರು ಕರೆ ಮಾಡಲಿ, ಇನ್ನೊಬ್ಬರು ಗಾಯಾಳುವಿನ ಹತ್ತಿರ ಇರಲಿ.

2. ರಕ್ತ ಚಿಮ್ಮುವ ಜಾಗದ ಮೇಲೆ ಸ್ವಚ್ಛ ಬಟ್ಟೆ ಇಟ್ಟು ಅಂಗೈಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ನಿಂತಿತೇ ಎಂದು ಪದೇ ಪದೇ ತೆಗೆದು ನೋಡಬೇಡಿ. ಬಟ್ಟೆ ನೆನೆದರೆ ಮೇಲೆ ಇನ್ನೊಂದು ಇಟ್ಟು ಒತ್ತಿರಿ. ಅರಿಶಿನ, ಕಾಫಿ ಪುಡಿ, ಮಣ್ಣು ಮೆತ್ತಬೇಡಿ.

3. ಕೊಯತಾ ತಗುಲಿ ಅಥವಾ ಕಡಬಾಕುಟ್ಟಿ ಯಂತ್ರಕ್ಕೆ ಸಿಕ್ಕಿ ಕೈಕಾಲು ಕತ್ತರಿಸಿ, ಒತ್ತಿದರೂ ರಕ್ತ ನಿಲ್ಲದಿದ್ದರೆ ಗಾಯಕ್ಕಿಂತ ನಾಲ್ಕು ಬೆರಳು ಮೇಲೆ, ಕೀಲು ಬಿಟ್ಟು, ಅಗಲ ಬಟ್ಟೆಯ ಪಟ್ಟಿ ಕಟ್ಟಿ ಕೋಲು ಸಿಕ್ಕಿಸಿ ರಕ್ತ ನಿಲ್ಲುವವರೆಗೆ ತಿರುವಿ ಬಿಗಿಯಿರಿ. ತಂತಿ, ಸಣ್ಣ ಹಗ್ಗ ಬೇಡ. ಕಟ್ಟಿದ ಸಮಯ ಬರೆದಿಡಿ. ಆಸ್ಪತ್ರೆ ಮುಟ್ಟುವವರೆಗೆ ಸಡಿಲಿಸಬೇಡಿ.

4. ಹೊಟ್ಟೆಗೆ, ಎದೆಗೆ ಚುಚ್ಚಿದ ವಸ್ತುವನ್ನು ಕೀಳಬೇಡಿ.

5. ಚಪ್ಪಟೆಯಾಗಿ ಮಲಗಿಸಿ, ಕುತ್ತಿಗೆ ಅಲ್ಲಾಡದಂತೆ ನೋಡಿಕೊಳ್ಳಿ. ಎಚ್ಚರ ತಪ್ಪಿ ವಾಂತಿಯಾಗುತ್ತಿದ್ದರೆ ಇಡೀ ಮೈಯನ್ನು ಒಟ್ಟಿಗೆ ಪಕ್ಕಕ್ಕೆ ಹೊರಳಿಸಿ.

6. ಒದ್ದೆ ಬಟ್ಟೆ ತೆಗೆದು ಕಂಬಳಿ, ಕೌದಿ ಹೊದಿಸಿ. ಬೇಸಿಗೆಯಲ್ಲೂ ಹೊದಿಸಿ. ಮೈ ತಣ್ಣಗಾದರೆ ರಕ್ತ ಹೆಪ್ಪುಗಟ್ಟುವುದಿಲ್ಲ.

7. ನೀರು, ಚಹಾ ಕುಡಿಸಬೇಡಿ. ಉಸಿರು ಕಟ್ಟಬಹುದು, ಆಪರೇಷನ್ ವೇಳೆ ತೊಂದರೆಯಾಗಬಹುದು. ಬಾಯಾರಿಕೆ ಎಂದರೆ ಒದ್ದೆ ಬಟ್ಟೆಯಿಂದ ತುಟಿ ಒರೆಸಿ.

8. ಬಾಟಲಿಗಾಗಿ ದಾರಿಯಲ್ಲಿ ನಿಲ್ಲಬೇಡಿ. ಉಸಿರು ನಿಲ್ಲುವಂತಿದ್ದರೆ, ರಕ್ತ ತಡೆಯಲು ಸಹಾಯ ಬೇಕಿದ್ದರೆ ಹತ್ತಿರದ ಆಸ್ಪತ್ರೆಗೆ ಹೋಗಲೇಬೇಕು. ಅದನ್ನು ಬಿಟ್ಟು ಬರಿ ಸಲಾಯಿನ್‌ಗಾಗಿ ಕಳೆದ ಅರ್ಧ ತಾಸು ತಿರುಗಿ ಬರುವುದಿಲ್ಲ. ಆಂಬುಲೆನ್ಸ್‌ನಲ್ಲಿ ಓಡುತ್ತಲೇ ಸೂಜಿ ಹಾಕಬಹುದು.

ಗಡಿಯವರಿಗೆ ನಾಲ್ಕು ಮಾತು

ಒಂದು ಕಡೆ ಮಿರಜ, ಕವಠೆಮಹಾಂಕಾಳ, ಇನ್ನೊಂದು ಕಡೆ ಅಥಣಿ. 108 ಸೇವೆ ಕರ್ನಾಟಕದಲ್ಲಿ 2008ರಲ್ಲಿ, ಮಹಾರಾಷ್ಟ್ರದಲ್ಲಿ 2014ರಲ್ಲಿ ಆರಂಭವಾಯಿತು. ನಂಬರ್ ಒಂದೇ, ಕೇಂದ್ರಗಳು ಬೇರೆ. ಗಡಿಯಲ್ಲಿ ನಿಂತು ಕರೆ ಮಾಡುವವರು ರಾಜ್ಯ, ಜಿಲ್ಲೆ, ತಾಲೂಕು ಮೊದಲು ಹೇಳಿ ಆಮೇಲೆ ಊರಿನ ಹೆಸರು ಹೇಳುವುದು ಒಳ್ಳೆಯದು.

ಮಿರಜ ನಮಗೆ ಹೊಸ ಆಸರೆಯಲ್ಲ. ಡಾ. ವಿಲಿಯಂ ವಾನ್ಲೆಸ್ 1894ರಲ್ಲಿ ಅಲ್ಲಿ ಆಸ್ಪತ್ರೆ ತೆರೆದಂದಿನಿಂದ ಕನ್ನಡ ಸೀಮೆಯ ರೋಗಿಗಳು ಅತ್ತ ಹೋಗುತ್ತಲೇ ಬಂದಿದ್ದಾರೆ. ಸರಕಾರಿ ವೈದ್ಯಕೀಯ ಮಹಾವಿದ್ಯಾಲಯ 1962ರಲ್ಲಿ ಬಂತು. ಆದರೆ ಅಲ್ಲಿ ಅವಸರದಲ್ಲಿ ಮರಾಠಿ ಮಾತು ಬಾರದೆ ತಡವರಿಸುವ ನಮ್ಮ ಹಿರಿಯರು ಇದ್ದಾರೆ. ಇಷ್ಟು ಗೊತ್ತಿದ್ದರೆ ಸಾಕು: ತಲೆಗೆ ಪೆಟ್ಟಾಗಿದೆ ಎಂದರೆ “ಡೋಕ್ಯಾಲಾ ಮಾರ ಲಾಗಲಾಯ್”, ಎಚ್ಚರ ತಪ್ಪಿತ್ತು ಎಂದರೆ “ಬೇಶುದ್ಧ ಝಾಲಾ ಹೋತಾ”, ರಕ್ತ ತೆಳುಮಾಡುವ ಗುಳಿಗೆ ಎಂದರೆ “ರಕ್ತ ಪಾತಳ ಕರಣ್ಯಾಚೀ ಗೋಳೀ”.

ಪೊಲೀಸ್ ಕೇಸಿನ ಹೆದರಿಕೆ ಬೇಡ. ತುರ್ತು ಚಿಕಿತ್ಸೆ ಕೊಡುವುದು ಪ್ರತಿ ವೈದ್ಯನ ಕರ್ತವ್ಯ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಗಾಯಾಳುವಿಗೆ ನೆರವಾದವರಿಗೆ ಕಾಟ ಕೊಡಬಾರದೆಂಬ ನಿಯಮಗಳನ್ನು 2016ರಲ್ಲಿ ಎತ್ತಿಹಿಡಿದಿದೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಈ ರಕ್ಷಣೆ ಸೇರಿದೆ. ರಸ್ತೆ ಅಪಘಾತದ ಗಾಯಾಳುಗಳಿಗೆ ನಿಗದಿತ ಆಸ್ಪತ್ರೆಗಳಲ್ಲಿ 7 ದಿನದವರೆಗೆ ಒಂದೂವರೆ ಲಕ್ಷ ರೂಪಾಯಿ ತನಕ ನಗದುರಹಿತ ಚಿಕಿತ್ಸೆ ಕೊಡುವ ಯೋಜನೆಯನ್ನು ಕೇಂದ್ರ ಸರಕಾರ 2025ರ ಮೇ ತಿಂಗಳಲ್ಲಿ ಪ್ರಕಟಿಸಿದೆ. ಆಸ್ಪತ್ರೆಯಲ್ಲಿ ಇದರ ಬಗ್ಗೆ ಕೇಳಿರಿ.

ಕೊನೆಗೆ ಬೇಕಾಗುವುದು ರಕ್ತವೇ

ಬಾಟಲಿಯನ್ನು ಕಾರ್ಖಾನೆ ಮಾಡುತ್ತದೆ, ರಕ್ತವನ್ನು ಯಾವ ಕಾರ್ಖಾನೆಯೂ ಮಾಡುವುದಿಲ್ಲ. ಶೇಖರಿಸಿದ ಕೆಂಪು ಕಣ ಆರು ವಾರ, ಪ್ಲೇಟ್‌ಲೆಟ್ ಸಾಮಾನ್ಯವಾಗಿ 5 ದಿನ ಮಾತ್ರ ಬಾಳುತ್ತವೆ. ಹೀಗಾಗಿ ಜಯಂತಿಗೊಮ್ಮೆ ಶಿಬಿರ ಮಾಡಿ ಫೋಟೋ ತೆಗೆಸಿಕೊಂಡರೆ ಸಾಲದು, ವರ್ಷವಿಡೀ ಕೊಡುವವರು ಬೇಕು. 18ರಿಂದ 65 ವಯಸ್ಸಿನ, 45 ಕಿಲೋಗಿಂತ ಹೆಚ್ಚು ತೂಕದ, ಹಿಮೋಗ್ಲೋಬಿನ್ 12.5 ಇರುವ ಆರೋಗ್ಯವಂತರು ಕೊಡಬಹುದು. ಗಂಡಸರು 3 ತಿಂಗಳಿಗೊಮ್ಮೆ, ಹೆಂಗಸರು 4 ತಿಂಗಳಿಗೊಮ್ಮೆ. ಒಮ್ಮೆಗೆ ತೆಗೆಯುವುದು 350 ಅಥವಾ 450 ಮಿ.ಲೀ. ಮೇಲಿನ ಪಟ್ಟಿಯ 1ನೇ ಹಂತಕ್ಕೂ ಎಷ್ಟೋ ಕಡಿಮೆ, ಮೈಗೆ ಗೊತ್ತೂ ಆಗುವುದಿಲ್ಲ.

ಆ ರಾತ್ರಿ ನಮ್ಮ ಹುಡುಗನಿಗೆ ರಕ್ತ ಕೊಟ್ಟವರಲ್ಲಿ ಇಬ್ಬರು ಯಾರೆಂದು ನಮಗೆ ಇಂದಿಗೂ ಗೊತ್ತಿಲ್ಲ. ಒಬ್ಬ ಕನ್ನಡದವನೋ, ಇನ್ನೊಬ್ಬ ಮರಾಠಿಯವನೋ. ರಕ್ತ ಪರೀಕ್ಷೆ ಮಾಡಿದವರು ಗುಂಪು ನೋಡಿದರೇ ಹೊರತು ಭಾಷೆ ನೋಡಲಿಲ್ಲ. ಹುಡುಗನಿಗೆ ಈಗ ಇಬ್ಬರು ಮಕ್ಕಳು. ಕಬ್ಬಿನ ಹಂಗಾಮಿನಲ್ಲಿ ತನ್ನ ಟ್ರಾಲಿಯ ಹಿಂದೆ ಕೆಂಪು ರಿಫ್ಲೆಕ್ಟರ್ ಹಚ್ಚದೆ ಹೊರಗೆ ಹೋಗುವುದಿಲ್ಲ.